ಉಮಾವತಿ ಸರ್ಕಲ್ಲಿನ ನಡುವೆ

ಅಲ್ ಗುಬ್ರಾ, 12-2-1991

ಭಾವನವರಿಗೆ ನಮಸ್ಕಾರ.

ಬಸ್ಸು ಓಡಿಸುವ ನೀವು ನಿಮ್ಮ ತಂಗಿಗೆ ಕೈ ಅಡ್ಡ ಹಿಡಿದು ರಸ್ತೆ ದಾಟಲು ಕಲಿಸಿದ್ದೀರಲ್ಲ, ಅದರ ಪ್ರತಾಪ ಕೇಳಿ. ಇಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಸರ್ಕಲ್ಲಿನಲ್ಲಿ ಎಡದಿಂದ ಬರುತ್ತವೆ. ನಿನ್ನೆ ಉಮಾವತಿ ಊರಿನ ಹಾಗೆ ಬಲಕ್ಕೆ ನೋಡಿ, ಕೈ ಚಾಚಿ ಇಳಿದಳು. ಒಮಾನಿ ಅಜ್ಜ ಒಬ್ಬರು ಬ್ರೇಕ್ ಒತ್ತಿದ್ದರಿಂದ ಉಳಿದಳು. ಹೆದರಿ ಓಡಿದ್ದು ನಡುವಿನ ಹುಲ್ಲುಹಾಸಿಗೆ. ಅಲ್ಲಿಂದ ಹೊರಬರಲು ದಾರಿಯಿಲ್ಲ. ಅಷ್ಟರಲ್ಲಿ ನಾನು ಕಾರಿನಲ್ಲಿ ಬಂದೆ. ಸರ್ಕಲ್ಲಿನೊಳಗೆ ನಿಲ್ಲಿಸುವಂತಿಲ್ಲವಾದ್ದರಿಂದ ಸುತ್ತು ಹಾಕಿದೆ.

"ಎಂತ, ನನಗೆ ಪ್ರದಕ್ಷಿಣೆ ಬರುವುದಾ? ನಿಲ್ಲಿಸಿ ಮಾರಾಯ್ರೆ!" ಎಂದು ಕೂಗಿದಳು.

ಕೊನೆಗೆ ಕಾರು ದೂರ ನಿಲ್ಲಿಸಿ ಬಂದು, ವಾಹನಗಳ ಸಾಲು ಮುಗಿದಾಗ ಕರೆತಂದೆ. ಇನ್ನು ಸರ್ಕಲ್ಲಿನಿಂದ ಆಚೆ, ರಸ್ತೆ ನೇರವಾಗಿರುವಲ್ಲಿ, ಮೊದಲು ಎಡಕ್ಕೆ ನೋಡಿ, ಕಾರು ನಿಂತ ಮೇಲೆಯೇ ದಾಟುತ್ತೇನೆಂದು ಒಪ್ಪಿದ್ದಾಳೆ. ಆರೋಗ್ಯವಾಗಿದ್ದಾಳೆ, ಒಂದು ಚಪ್ಪಲಿ ಮಾತ್ರ ಹೋಯಿತು. ಅತ್ತೆಯವರಿಗೆ ಓದಿ ಹೇಳುವಾಗ ಬ್ರೇಕಿನ ಸಾಲು ಬಿಟ್ಟುಬಿಡಿ.

ಈಗ ಕಾರಿನಲ್ಲಿ ಪಕ್ಕ ಕೂತು, ಸರ್ಕಲ್ ಕಂಡ ಕೂಡಲೇ ನನ್ನ ಮುಂದೆಯೇ ಕೈ ಅಡ್ಡ ಹಿಡಿಯುತ್ತಾಳೆ: "ನಡೆಯುವವರಿದ್ದಾರೆ, ನಿಧಾನ!" ಆ ಕೈಗೆ ತಪ್ಪದೆ ನಿಲ್ಲುವ ಡ್ರೈವರ್ ಈ ದೇಶದಲ್ಲಿ ನಾನೊಬ್ಬನೇ.

ಕಾರ್ಡಿನಲ್ಲಿ ಜಾಗ ಮುಗಿಯಿತು.

ಪ್ರೇಮನಾಥ