ನನ್ನ ಗಂಡನ ಬೆನ್ನು ನೆಟ್ಟಗಾದ ನಾಲ್ಕು ಕ್ಷಣ

ಬೆನ್ನುನೋವು ಶಿಬಿರದ ಮಾನ್ಯ ವೈದ್ಯಾಧಿಕಾರಿಗಳೇ,

ನನ್ನ ಗಂಡ ಭೀಮರಾಜು ಗುಣವಾಗಿದ್ದಾರೆಂದು ಊರೂರಿನ ಗೋಡೆಗೆ ಅಂಟಿಸಿದ್ದೀರಿ. ಈ ಸಂತೋಷದ ಸುದ್ದಿ ನಿಮಗೊಬ್ಬರಿಗೇ ಹೇಗೆ ತಿಳಿಯಿತು? ಅವರಿಗಂತೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಇಪ್ಪತ್ತಾರು ವರ್ಷ ಅವರು ದಂಡಿನಶಿವರದ ಸುತ್ತಿನ ತೋಟಗಳಲ್ಲಿ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮೇಲೆ ಬಗ್ಗಿ ತೆಂಗಿನಕಾಯಿ ಸುಲಿದವರು. ಕೆಲಸ ಬಿಟ್ಟು ಮೂರು ವರ್ಷವಾದರೂ ಬೆನ್ನಿನ ಬಾಗು ಬಿಟ್ಟಿಲ್ಲ. ಅಂಗಾತ ಮಲಗಲಾರರು. ಎದುರು ಬಂದವರನ್ನು ಚಪ್ಪಲಿ ನೋಡಿ ಗುರುತಿಸುತ್ತಾರೆ. ಮದುವೆಗೆ ಕರೆದರೆ, "ಎಲೆ ಮುಂದೆ ಕೂರಾಕಾಗಕಿಲ್ಲ, ನೀನೇ ಹೋಗ್ಬಾ ಬುಡು" ಎನ್ನುತ್ತಾರೆ. ಶಿಬಿರದ ದಿನ ನಿಮ್ಮ ಭಾಷಣದಲ್ಲಿ ಇದಕ್ಕೆ 'ಜೀವನದ ಗುಣಮಟ್ಟ' ಎಂಬ ಅಂದವಾದ ಹೆಸರಿತ್ತು.

ಆ ಭಾಷಣವನ್ನು ಬೆನ್ನುನೋವಿನವರೆಲ್ಲ ಎರಡು ಗಂಟೆ ನಿಂತೇ ಕೇಳಿದರು. ಕುರ್ಚಿಗಳು ಅತಿಥಿಗಳಿಗೆ ಮೀಸಲಾಗಿದ್ದವಲ್ಲ. ನಮ್ಮ ಸರದಿ ಬಂದಾಗ ತಾವು ಬೆನ್ನು ಮುಟ್ಟಲಿಲ್ಲ, ನೋವು ಎಲ್ಲಿ ಎಂದೂ ಕೇಳಲಿಲ್ಲ. "ನೆಟ್ಟಗೆ ನಿಂತ್ಕೊಳಪ್ಪ, ಎಲ್ಲಾ ಅಭ್ಯಾಸದ ಮೇಲಿದೆ" ಎಂದಿರಿ.

"ಆಗಕಿಲ್ಲ ಸಾ," ಎಂದರು ಇವರು.

"ಮನಸ್ಸು ಮಾಡ್ಬೇಕಪ್ಪ."

ದೊಡ್ಡವರ ಮಾತು ಮೀರಲಾರದೆ ಇವರು ಮೇಜು ಹಿಡಿದು, ಹಲ್ಲು ಕಚ್ಚಿ, ಮೈ ಎತ್ತಿದರು. ನಾಲ್ಕೇ ಕ್ಷಣ. ಅಷ್ಟರಲ್ಲಿ ನಿಮ್ಮವರು ಫೋಟೋ ಹೊಡೆದರು, ನೀವು ಭುಜ ತಟ್ಟಿದಿರಿ. ವಾಪಸು ಬರುವಾಗ ಇವರು ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಅದೇ ಮೊದಲು ಕಂಡದ್ದು. ಎಂಟು ದಿನ ಬಚ್ಚಲಿಗೂ ನಾನೇ ಹಿಡಿದು ನಡೆಸಿದೆ.

ಆ ಫೋಟೋ ಈಗ ಭಿತ್ತಿಪತ್ರ: 'ನೆಟ್ಟಗೆ ನಿಂತರು, ನೋವು ಗೆದ್ದರು.' ನಾನು ಅಂಗನವಾಡಿ ಕಾರ್ಯಕರ್ತೆ. ನನ್ನ ಕೇಂದ್ರಕ್ಕೂ ಒಂದು ಕಳಿಸಿ, ಅಂಟಿಸಲು ಆದೇಶಿಸಿದ್ದೀರಿ. ಅಂಗವೈಕಲ್ಯ ಪ್ರಮಾಣಪತ್ರ ಕೇಳಲು ಹೋದರೆ ನಿಮ್ಮ ಗುಮಾಸ್ತರು ಅದೇ ಚಿತ್ರ ತೋರಿಸಿ, "ಇವ್ರು ಹುಷಾರಾಗಿದ್ದಾರಲ್ಲಮ್ಮ" ಎಂದು ಅರ್ಜಿ ಹಿಂದಕ್ಕೆ ಕೊಟ್ಟರು. ರೋಗಿಯನ್ನು ಬಿಟ್ಟು ಗೋಡೆಯನ್ನು ಪರೀಕ್ಷಿಸುವ ಈ ವೈದ್ಯಶಾಸ್ತ್ರವನ್ನು ತಾವು ಯಾವ ಕಾಲೇಜಿನಲ್ಲಿ ಕಲಿತಿರಿ?

ಆ ಚಿತ್ರವನ್ನು ಎಲ್ಲ ಕಡೆಯಿಂದ ಕೀಳಿಸಿ. ನಮ್ಮ ಮನೆಗೆ ಬಂದು ಇವರನ್ನು ಪರೀಕ್ಷಿಸಿ, ಕಂಡದ್ದನ್ನು ಕಂಡಹಾಗೆ ಬರೆದುಕೊಡಿ. ನಮ್ಮ ಬಾಗಿಲೇನೂ ತಗ್ಗಾಗಿಲ್ಲ. ಆದರೂ ಇವರ ಮುಖ ನೋಡಬೇಕೆಂದರೆ ತಾವೇ ಬಗ್ಗಬೇಕಾಗುತ್ತದೆ.

ಇಂತಿ,
ತಾವು ಗುಣಪಡಿಸಿದವರನ್ನು ದಿನಾ ಬೆಳಿಗ್ಗೆ ಎತ್ತಿ ಕೂರಿಸುವ
ಮೀನಾಕ್ಷಮ್ಮ