ಹಾರ್ಮೋನು ನಿಂತ ಮೇಲೆ

ಮಾರ್ಚ್ 3, ಬೆಳಗ್ಗೆ

ಮತ್ತೆ ಬೆವರು. ಫ್ಯಾನ್ ಐದರಲ್ಲಿದೆ, ಗಾಳಿ ಮಾತ್ರ ಎರಡರದ್ದು. ಬನಿಯನ್ ಆಗಲೇ ಒಮ್ಮೆ ಬದಲಾಯಿಸಿದ್ದಾಯಿತು. ಎಲ್ಲಾ ಆ ಇಂಜೆಕ್ಷನ್ ಕೃಪೆ. ಪ್ರಾಸ್ಟೇಟಿನ ಗಡ್ಡೆಗೆ ಗಂಡಸಿನ ಹಾರ್ಮೋನೇ ಊಟವಂತೆ. ಊಟ ನಿಲ್ಲಿಸಿದ್ದಾರೆ. ಜೀವನವಿಡೀ ಪ್ರಾಸ ಕಟ್ಟಿದವನಿಗೆ ಪ್ರಾಸ್ಟೇಟಿನಲ್ಲೇ ತ್ರಾಸ... ಚೆನ್ನಾಗಿದೆ. ಆದರೆ ಈ ಜೋಕು ಹೋದ ವರ್ಷದ್ದು. ಈ ವರ್ಷ ಹೊಸದು ಒಂದೂ ಹುಟ್ಟಿಲ್ಲ.

ಹೆಂಡತಿ ಬೀಸಣಿಗೆ ತಂದು ಎದುರಿಗೆ ಕೂತಳು. ಬೀಸಲಿಕ್ಕಲ್ಲ, ನೋಡಿ ಖುಷಿಪಡಲಿಕ್ಕೆ.

"ಹೆಂಗಿದೆ ರೀ? ನಂಗೆ ಐವತ್ತಕ್ಕೆ ಬಂದಿದ್ದು ನಿಮಗೆ ಎಪ್ಪತ್ತೆರಡಕ್ಕೆ ಬಂತು. ಯಾವತ್ತೂ ಲೇಟೇ ನೀವು."

ನಕ್ಕೆ. ನಗಲಿಕ್ಕೂ ಸುಸ್ತು.

ಮಾರ್ಚ್ 8, ಶನಿವಾರ

ವಾರದ ಹರಾಜು, ಕೂಗುವವನು ನಾನು. ಗೋದಾಮು ತುಂಬ ಯಾರದೋ ಮನೆಯ ಹಳೇ ಸಾಮಾನು, ಯಾರದೋ ಮನೆಯ ಹಳೇ ಧೂಳು. ಸ್ಟೂಲು ಹತ್ತಿ ಕೂಗಿದೆ. ಮಂಚ ಹೋಯಿತು. ಹೊಲಿಗೆ ಮಷೀನ್ ಹೋಯಿತು. ಆಮೇಲೆ ಒಂದನ್ನು ಎತ್ತಿ ಹಿಡಿದೆ. ಹಿತ್ತಾಳೆ. ತೂತು ತೂತು. ಹಿಡಿ ಇದೆ. ದಿನಾ ಅಡುಗೆಮನೆಯಲ್ಲಿ ನೋಡುವುದೇ. ಹೆಸರು ಮಾತ್ರ... ಇಲ್ಲ. ನಾಲಿಗೆ ತುದಿಯಲ್ಲಿದೆ ಅಂತಾರಲ್ಲ, ಅಲ್ಲೂ ಇಲ್ಲ.

"ಇದು... ಇದು..."

ಜನ ಗೊಳ್ಳೆಂದರು.

"ತಾತ ಆಟ ಆಡಿಸ್ತಿದಾನೆ!"

"ಸಿಡುಬು ಬಂದಿರೋ ತಟ್ಟೆ!"

ಒಬ್ಬೊಬ್ಬರು ಒಂದೊಂದು ಹೆಸರಿಡುತ್ತ, ಅದರ ಜೊತೆಗೇ ಬೆಲೆ ಏರಿಸುತ್ತ ಹೋದರು. ಮಂಚಕ್ಕೂ ಅಷ್ಟು ಪೈಪೋಟಿ ಇರಲಿಲ್ಲ. ಗೋದಾಮಿನ ಸಾಹುಕಾರ ಬೆನ್ನು ತಟ್ಟಿದ. "ಏನ್ ಐಡಿಯಾ ಯಜಮಾನ್ರೇ! ಪ್ರತಿ ವಾರ ಹಿಂಗೇ ಒಂದು ಮಾಡ್ಬಿಡಿ."

ಬಸ್ಸಿನಲ್ಲಿ ನೆನಪಾಯಿತು. ಜರಡಿ. ಜರಡಿ, ಜರಡಿ, ಜರಡಿ. ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

ಮಾರ್ಚ್ 12

ಮೊಮ್ಮಗಳು ಬಂದಿದ್ದಳು. ಮಿದುಳಿನ ಲ್ಯಾಬಿನಲ್ಲಿ ಕೆಲಸ ಅವಳಿಗೆ. ಪದಗಳು ಕೈಕೊಡುತ್ತಿರುವುದನ್ನು ಅವಳೊಬ್ಬಳಿಗೇ ಹೇಳಿದೆ. ನನ್ನ ಕೀಟಲೆ ಗೊತ್ತಿದ್ದವಳು, ಕುರ್ಚಿಯ ಮೇಲೆ ಏನಾದರೂ ಇಟ್ಟಿದ್ದೀನಾ ಅಂತ ಮುಟ್ಟಿ ನೋಡಿ ಕೂತಳು, ಆಮೇಲೆ ನಂಬಿದಳು.

"ತಾತ, ಸುದ್ದಿ ದಾಟಿಸೋದು ನರಕೋಶ. ಆದ್ರೆ ಅದಕ್ಕೆ ಊಟ ಕೊಡೋದು, ಕಸ ಗುಡಿಸೋದು, ಅದರ ತಂತಿಗೆ ಹೊದಿಕೆ ಸುತ್ತೋದು ಬೇರೆ ಕೋಶಗಳು. ಗ್ಲಿಯಾ ಅಂತ. ಹಾರ್ಮೋನಿನ ಮಾತು ಅವೂ ಕೇಳ್ತವೆ. ಹಾರ್ಮೋನು ನಿಂತ್ರೆ ಗುಡಿಸೋವು ಸಿಡುಕ್ತವೆ, ಸುತ್ತೋವು ಮಂಕಾಗ್ತವೆ. ಇಲಿಗಳಲ್ಲಿ ನೋಡಿದೀವಿ. ಮನುಷ್ಯರಲ್ಲಿ ಎಷ್ಟು ಅಂತ ಇನ್ನೂ ಹುಡುಕ್ತಿದಾರೆ."

"ಅಂದ್ರೆ ನನ್ನ ತಲೇಲಿ ನಿನ್ನಜ್ಜಿಯಂಥೋರೆಲ್ಲ ಮುಷ್ಕರ ಹೂಡಿದಾರೆ."

ಕೊನೆಯ ಮಾತು ಒಳಗಿದ್ದ ಹೆಂಡತಿಗೆ ಕೇಳಿತು. ಅಲ್ಲಿಂದಲೇ ಉತ್ತರ ಬಂತು: "ಮಾತಾಡೋರಿಗೆ ಹೆಸರು, ಪಾತ್ರೆ ತೊಳೆಯೋರಿಗೆ ನೆಗಡಿ!"

ಅದು ನನ್ನ ಬಾಯಿಂದ ಬರಬೇಕಿತ್ತು.

ಹೋಗುವಾಗ ಮೊಮ್ಮಗಳು ಮೆಲ್ಲಗೆ ಅಂದಳು: "ಡಾಕ್ಟ್ರಿಗೆ ನೇರವಾಗಿ ಹೇಳು. ಕೆಲವರಿಗೆ ಇಂಜೆಕ್ಷನ್ ಸ್ವಲ್ಪ ಕಾಲ ನಿಲ್ಲಿಸಿ ನೋಡ್ತಾರೆ. ರೋಗ ತಲೆ ಎತ್ತಿದ್ರೆ ಮತ್ತೆ ಶುರು. ತಮಾಷೆ ಮಾಡ್ಬೇಡ, ಪ್ಲೀಸ್."

ಮಾರ್ಚ್ 19

ಮಾಡಿದೆ.

ನೆನಪು ಪರೀಕ್ಷಿಸಲು ಡಾಕ್ಟರು ಒಂದು ಚಿತ್ರ ತೋರಿಸಿದರು. ಮೂಗಿನ ಮೇಲೆ ಕೊಂಬು, ದಪ್ಪ ಚರ್ಮ. ಪ್ರಾಣಿ ಗೊತ್ತು. ಹೆಸರು ಬರಲಿಲ್ಲ. ಬೆವರು ಕಿತ್ತುಕೊಂಡು ಬಂತು. ಬಾಯಿ ತಾನಾಗಿ ಅಂದಿತು: "ನಮ್ಮ ಬೀಗರು." ಡಾಕ್ಟರು ಬಿದ್ದು ಬಿದ್ದು ನಕ್ಕರು. ಐದು ಪದ ಹೇಳಿ, ಸ್ವಲ್ಪ ಹೊತ್ತಿಗೆ ವಾಪಸ್ ಕೇಳಿದರು. "ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ ಡಾಕ್ಟ್ರೇ?" ಮತ್ತೆ ನಗು. "ಇಷ್ಟು ಚುರುಕಾಗಿದ್ದೀರಿ, ನಿಮಗೇನಾಗಿದೆ!"

ಇಂಜೆಕ್ಷನ್ ಮುಂದುವರಿಯುತ್ತದೆ. ಬಾಯಿ ತಪ್ಪಿಸಿಕೊಂಡಿತು, ತಲೆ ಸಿಕ್ಕಿಬಿತ್ತು.

ಏಪ್ರಿಲ್ 16

ಇಂಜೆಕ್ಷನ್ ದಿನ. ಹೆಂಡತಿಯೂ ಬಂದಿದ್ದಳು. ಸೂಜಿಗೆ ಮುಂಚೆ, ಆ ಪರೀಕ್ಷೆ ಇನ್ನೊಮ್ಮೆ ಮಾಡಿ ಅಂದೆ. ಡಾಕ್ಟರು ನಗಲು ತಯಾರಾಗಿ ಕೂತರು. ಇವಳೂ.

ಅದೇ ಚಿತ್ರ.

"ಗೊತ್ತಿಲ್ಲ."

ಇವಳು ಕಿಸಕ್ಕನೆ ನಕ್ಕಳು. "ನೋಡಿ ಡಾಕ್ಟ್ರೇ, ಮುಖ ಹೆಂಗಿಟ್ಕೊಂಡಿದಾರೆ!"

ಐದು ಪದ. ಎರಡು ಬಂದವು. ಮೂರನೆಯದಕ್ಕೆ ಕಾದೆ. ಒಂದು ಒಳ್ಳೇ ಜೋಕು ಬಂದು ಹಲ್ಲಿನ ಹಿಂದೆ ನಿಂತಿತ್ತು. ನುಂಗಿದೆ. "ಬರ್ತಿಲ್ಲ."

ಇವಳು ಇನ್ನೂ ನಗುತ್ತಿದ್ದಳು. "ತಮಾಷೆಯಲ್ಲ ಕಣೇ," ಅಂದೆ. ನಗು ಅರ್ಧಕ್ಕೇ ನಿಂತಿತು. ಅಂಥ ಸದ್ದು ನಾನು ಕೇಳಿರಲಿಲ್ಲ.

ಡಾಕ್ಟರು ರಕ್ತದ ರಿಪೋರ್ಟು ತಿರುವಿ ಹಾಕಿದರು. ರೋಗ ಸದ್ಯ ತಣ್ಣಗಿದೆ. ನಿಲ್ಲಿಸಿ ನೋಡೋಣ. ಗ್ಯಾರಂಟಿ ಇಲ್ಲ, ಪದಕ್ಕೂ ಇಲ್ಲ, ರೋಗಕ್ಕೂ ಇಲ್ಲ. "ಏನಂತೀರಿ?"

ನಾನಲ್ಲ, ಇವಳು ಉತ್ತರ ಕೊಟ್ಟಳು. "ನಿಲ್ಸಿ."

ಆಗಸ್ಟ್ 21

ಬೆವರು ಕಡಿಮೆ. ಬೆಳಗ್ಗೆ ಹಲ್ಲುಜ್ಜುವಾಗ ಯಾರೂ ಕೇಳದೆಯೇ ಬಂತು — ಘೇಂಡಾಮೃಗ. ಕನ್ನಡಿಗೆಲ್ಲ ನೊರೆ.

ನವೆಂಬರ್ 9, ಭಾನುವಾರ, ಬೆಳಗ್ಗೆ

ರಕ್ತದ ರಿಪೋರ್ಟಿನಲ್ಲಿ ರೋಗ ಇನ್ನೂ ತಣ್ಣಗಿದೆ. ಪದಗಳು ಒಂದೊಂದೇ ವಾಪಸ್ ಬಂದಿವೆ, ಕುಂಟುವವೂ ಇವೆ. ನಿನ್ನೆ ಗೋದಾಮಿನಲ್ಲಿ ಒಂದೂ ತಡವರಿಸದೆ ಕೂಗಿದೆ. ಸಾಹುಕಾರನಿಗೆ ಬೇಜಾರು.

ಅದೇ ಖುಷಿಗೆ ಇವತ್ತು ಹಳೇ ಆಟ. ಇವಳ ಕನ್ನಡಕ ಹಾಕಿಕೊಂಡು, ಪೇಪರು ತಲೆಕೆಳಗೆ ಹಿಡಿದು ಗಂಭೀರವಾಗಿ ಕೂತೆ. ಮದುವೆಯಾದಾಗಿನಿಂದ ಇದಕ್ಕೆ ಒಂದೇ ಉತ್ತರ — "ಕೊಡ್ರೀ ಇಲ್ಲಿ, ಕೋಡಂಗಿ!"

ಬಂದಳು. ನೋಡಿದಳು. ಮೆಲ್ಲಗೆ ಪೇಪರು ತೆಗೆದು, ನೆಟ್ಟಗೆ ತಿರುಗಿಸಿ, ನನ್ನ ಕೈಗೆ ಕೊಟ್ಟಳು. ಕನ್ನಡಕ ಬದಲಾಯಿಸಿದಳು. ತಲೆ ಸವರಿದಳು.

"ತಮಾಷೆಗೆ ಕಣೇ."

"ಹೂಂ. ಗೊತ್ತು."

"ನಿಜವಾಗ್ಲೂ ತಮಾಷೆ. ಒಂದ್ಸಲ ಬೈಯೇ."

"ಯಾಕ್ರೀ ಬೈಲಿ? ನಿಮ್ಮ ತಪ್ಪೇನಿದೆ ಇದ್ರಲ್ಲಿ."

ಇಷ್ಟು ವರ್ಷದಲ್ಲಿ ನನಗೆ ಯಾರೂ ಹಾಗೆ ಅಂದಿದ್ದಿಲ್ಲ. ಎಲ್ಲಾ ನನ್ನದೇ ತಪ್ಪು ಕಣೇ, ಬೇಕಂತಲೇ ಮಾಡಿದ್ದು, ನೋಡು ಅಂತ ಹೇಳಹೊರಟೆ. ಪದಗಳೆಲ್ಲ ಇದ್ದವು, ಸಾಲಾಗಿ ನಿಂತಿದ್ದವು. ಆದರೆ ಅವಳು ಆಗಲೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಒಳಗೆ ಹೋಗಿಬಿಟ್ಟಿದ್ದಳು.