ಹರಕೆಯ ಹುಂಜದ ಕಾಲು

ಅಳದಂಗಡಿ
ಭಾನುವಾರ

ತಂಗಿ ವಾರಿಜಾಳಿಗೆ ಅಣ್ಣನ ಆಶೀರ್ವಾದ.

ಛೀ! ಛೀ! ಮೂವತ್ತು ವರ್ಷ ನಾಟಕದಲ್ಲಿ ವೈರಿಗಳ ಕರುಳು ಬಗೆದವನು ನಾನು. ನೀನು ಕಳಿಸಿದ ಹುಂಜದ ಪಾದ ನೋಡಿ ವಾಕರಿಸಿದೆ! ಅಡಿಯಲ್ಲಿ ಗೋಲಿಯಷ್ಟು ದೊಡ್ಡ ಗಂಟು, ಅದರ ಮೇಲೆ ಕಪ್ಪು ಹಕ್ಕಳೆ, ಒಳಗೆ ಗಟ್ಟಿ ಹಳದಿ ಕೀವು. ನಾತವೋ, ಅಬ್ಬಬ್ಬಾ! ಹಿಕ್ಕೆಯ ಕೆಸರಿನಲ್ಲಿ ಸಾಕಿದರೆ ಇನ್ನೇನಾಗುತ್ತದೆ? ಭಾವನನ್ನು ಒಂದು ವಾರ ಆ ಗೂಡಿನಲ್ಲಿ ನಿಲ್ಲಿಸಿ ನೋಡು.

“ನಿನ್ನ ಮುರಿದ ಕಾಲು ಸರಿಯಾದರೆ ದೈವಕ್ಕೆ ಕೊಡ್ತೇನೆಂದು ಹೇಳಿಕೊಂಡ ಹುಂಜ ಅಣ್ಣಾ. ಕುಂಟುವುದನ್ನು ಕೊಡ್ಲಿಕ್ಕೆ ಆಗುವುದಿಲ್ಲ, ಗುಣ ಮಾಡಿ ಕಳಿಸು” ಎಂದಿದ್ದೆಯಲ್ಲ? ಮಾಡಿದೆ. ಪಶುವೈದ್ಯರಿಂದ ಕೀವು ತೆಗೆಸಿದೆ. ದಿನಾ ಬೆಚ್ಚಗಿನ ಉಪ್ಪುನೀರಿನಲ್ಲಿ ಪಾದ ತೊಳೆದು, ಮದ್ದು ಹಚ್ಚಿ, ಬಟ್ಟೆ ಕಟ್ಟಿ, ಒಣ ಮರದ ಹುಡಿಯ ಮೇಲೆ ಮಲಗಿಸಿದೆ. ನಿನ್ನೆ ಅದು ಬೇಲಿ ಹಾರಿ ಓಡಿತು ಮಾರಾಯ್ತಿ! ಗುಡ್ಡದ ತುದಿಯವರೆಗೆ ಅಟ್ಟಿಸಿಕೊಂಡು ಹೋಗಿ ಹಿಡಿದೆ.

ಈಗ ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದೆ.

ಆದರೆ ನನ್ನ ಕಾಲು ಇನ್ನೂ ಗುಣವಾಗಿಲ್ಲ ವಾರಿಜಾ, ತುಂಬಾ ನೋವುಂಟು. ಆದ್ದರಿಂದ ಹರಕೆಗೆ ಆತುರ ಬೇಡ. ನಂಬಿಕೆ ಬಾರದಿದ್ದರೆ ಬಂದು ನೋಡು. ಬರುವ ಮೊದಲು ಮಾತ್ರ ಫೋನು ಮಾಡು.

ಇತಿ,
ನಿನ್ನ ಕುಂಟಣ್ಣ
ದೇಜಪ್ಪ